ನೆರಳು ಬೇರೆ, ಕತ್ತಲು ಬೇರೆ

“ಈಗಿನ ಸಿನಿಮಾ ತುಂಬ ಕತ್ತಲು, ಯಾರು ಮಾತಾಡುತ್ತಿದ್ದಾರೆ ಅಂತಲೇ ಗೊತ್ತಾಗಲ್ಲ. ಕೇಳಿದರೆ ಜರ್ಮನ್ ಎಕ್ಸ್‌ಪ್ರೆಷನಿಸಂ ಪ್ರಭಾವ ಅಂತಾರೆ, ಹೌದಾ?” ಈ ಪತ್ರ ಬರುವುದು ನಿಂತೇ ಇಲ್ಲ. ಪಾಪ, ಈ ಕತ್ತಲನ್ನು ಆ ಎಕ್ಸ್‌ಪ್ರೆಷನಿಸ್ಟ್ ಚಿತ್ರಕಾರರ ತಲೆಗೆ ಯಾಕೆ ಕಟ್ಟುತ್ತಾರೋ!

1905ರಲ್ಲಿ ಡ್ರೆಸ್ಡೆನ್‌ನಲ್ಲಿ ‘ಬ್ರೂಕೆ’ ಗುಂಪು ಕಟ್ಟಿದ ಕಿರ್ಶ್ನರ್ ಮತ್ತು ಗೆಳೆಯರು ಹಸಿರು ಮುಖ, ಗುಲಾಬಿ ಬೀದಿ ಬರೆದವರು. ಬೀದಿ ನೋಡಿದಾಗ ಎದೆಯೊಳಗೆ ಏನಾಯಿತೋ ಅದನ್ನೇ ಬರೆಯುವ ಹಟ. 1920ರ ‘ಡಾಕ್ಟರ್ ಕಾಲಿಗರಿ’ ಚಿತ್ರ ಆ ಹಟವನ್ನು ಸೆಟ್ಟಿಗೆ ತಂದಿತು. ಸೆಟ್ ವಿನ್ಯಾಸಕ ಹೆರ್ಮಾನ್ ವಾರ್ಮ್ ಮತ್ತು ಜೊತೆಗಾರರು ಓರೆ ಗೋಡೆ, ಸೊಟ್ಟ ಕಿಟಕಿ ಮಾಡಿ, ನೆರಳನ್ನೂ ಕುಂಚದಿಂದಲೇ ಬಳಿದರು. ಅಲ್ಲಿ ದೀಪ ಆರಿಸಿ ಪಡೆದ ನೆರಳಲ್ಲ ಅದು, ಬಣ್ಣದ ಡಬ್ಬಿಯಿಂದ ಬಂದದ್ದು.

1922ರ ‘ನೊಸ್ಫೆರಾತು’ವಿನಲ್ಲಿ ನಿರ್ದೇಶಕ ಮುರ್ನೌ ನಿಜವಾದ ನೆರಳನ್ನೇ ಮೆಟ್ಟಿಲು ಹತ್ತಿಸಿದ. ಅದಕ್ಕೆ ಬೇಕಾದದ್ದು ಚಿಕ್ಕ, ಚೂಪಾದ ಬೆಳಕು. ಈಗಲೇ ಮೊಬೈಲ್ ಟಾರ್ಚ್ ಹಚ್ಚಿ, ಎದುರಿಗೆ ಕೈ ಹಿಡಿಯಿರಿ. ಕೈ ಟಾರ್ಚಿಗೆ ಹತ್ತಿರವಾದಷ್ಟೂ ಗೋಡೆ ಮೇಲಿನ ಬೆರಳು ಬೆಳೆಯುತ್ತದೆ. ಟಾರ್ಚ್ ಬಿಟ್ಟು ಟ್ಯೂಬ್‌ಲೈಟಿನ ಕೆಳಗೆ ಅದೇ ಕೈ ಹಿಡಿಯಿರಿ, ಅಂಚು ಕರಗಿಹೋಗುತ್ತದೆ. ಎಲ್ಲ ದೀಪವನ್ನೂ ಆರಿಸಿ, ನೆರಳೇ ಇಲ್ಲ! ಬೆಳಕಿದ್ದರೆ ತಾನೇ ನೆರಳು? ಚಿಕ್ಕ ಬೆಳಕು, ಹತ್ತಿರದ ಮನುಷ್ಯ, ದೂರದ ಗೋಡೆ. ಇಷ್ಟೇ ಗುಟ್ಟು. ಆದರೆ ಮಬ್ಬನ್ನೇ ಶೈಲಿ ಅನ್ನುವವರೂ ಇದ್ದಾರೆ. ಒಮ್ಮೆ ಫಿಲ್ಮ್ ಸೊಸೈಟಿಯೊಂದರಲ್ಲಿ ಪ್ರೊಜೆಕ್ಟರಿನ ಬಲ್ಬು ಮಂಕಾಗಿತ್ತು. ನನ್ನ ಪಕ್ಕದವರು “ಎಂಥ ಗಾಢವಾದ ಶೈಲಿ” ಅಂತ ತಲೆದೂಗಿದರು. ಬಲ್ಬು ಬದಲಿಸಿದ ಮೇಲೂ ಒಪ್ಪಲಿಲ್ಲ!

ಪ್ರಭಾವ ಹೇಗೆ ಹರಡಿತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ‘ಮೆಟ್ರೊಪೊಲಿಸ್’ನ ಛಾಯಾಗ್ರಾಹಕರಲ್ಲಿ ಒಬ್ಬನಾದ ಕಾರ್ಲ್ ಫ್ರಾಯಿಂಡ್ ಹಾಲಿವುಡ್ಡಿಗೆ ಹೋಗಿ 1931ರ ‘ಡ್ರಾಕುಲಾ’ ಚಿತ್ರೀಕರಿಸಿದ. ‘ಮೆಟ್ರೊಪೊಲಿಸ್’ನ ನಿರ್ದೇಶಕ ಫ್ರಿಟ್ಸ್ ಲಾಂಗ್ ಕೂಡ ನಾತ್ಸಿಗಳು ಬಂದ ಮೇಲೆ ಅಮೆರಿಕ ಸೇರಿದ. ಮ್ಯೂನಿಕ್‌ನ ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್ ಬಾಂಬೆ ಟಾಕೀಸಿಗೆ ಬಂದ. 1949ರ ‘ಮಹಲ್’ನ ಬೆಳಕು ಅವನದು. ಟಿಮ್ ಬರ್ಟನ್‌ನ ‘ಎಡ್ವರ್ಡ್ ಸಿಸರ್‌ಹ್ಯಾಂಡ್ಸ್’ ನೋಡಿದವರಿಗೆ ‘ಡಾಕ್ಟರ್ ಕಾಲಿಗರಿ’ ಚಿತ್ರದ ಬಿಳಿ ಮುಖ, ಕಪ್ಪು ಉಡುಪು ಅಪರಿಚಿತವಲ್ಲ.

ಸಲಹೆಗೆ ಹೆಚ್ಚು ಸಮಯ ಉಳಿದಿಲ್ಲ. ಸಿನಿಮಾ ನೋಡುವಾಗ ಕೋಣೆಯ ದೀಪ ಆರಿಸಿ, ಕಿಟಕಿಯ ಬಿಂಬ ಟಿವಿಯ ಮೇಲೆ ಬೀಳದಂತೆ ಪರದೆ ಎಳೆಯಿರಿ. ಆಮೇಲೆ ತೆರೆಯಲ್ಲಿ ನೆರಳಿನ ಅಂಚು ಹುಡುಕಿ. ಅಂಚೂ ಇಲ್ಲ, ಆಕಾರವೂ ಇಲ್ಲ, ಬರೀ ಮಬ್ಬು ಅಂತಾದರೆ, ಮುಂದಿನ ಪತ್ರ ನನಗೆ ಬೇಡ, ಆ ಸಿನಿಮಾ ಮಾಡಿದವರಿಗೇ ಬರೆಯಿರಿ.