ನಡುಗುವ ಜೀವಕ್ಕೆ ನಿಧಾನವೇ ಮದ್ದು

(ಶ್ರಾವಣ ಸೋಮವಾರದ ಸಂಜೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಭಕ್ತರ ಸಭೆಯಲ್ಲಿ ನೀಡಿದ ಆಶೀರ್ವಚನ)



ಹೋದ ಸೋಮವಾರ ಬೆಳಿಗ್ಗೆ ಮಠದ ಮುಂದಿನ ಹೊಂಗೆಮರದ ನೆರಳಿನಲ್ಲಿ ಒಂದು ಹಳೆಯ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ವಯಸ್ಸಾದ ಒಬ್ಬ ತಾಯಿ, ಆಕೆಯ ತೊಡೆಗೆ ಮೈ ಒರಗಿಸಿಕೊಂಡು ಒಂದು ಕರಿಯ ನಾಯಿ. ದರ್ಶನಕ್ಕೆ ಬಂದಿದ್ದ ಹುಡುಗರಿಗೆ ಅದು ತಮಾಷೆಯಾಗಿ ಕಂಡಿತು. "ನಾಯಿಗೂ ಕಾರಿನ ಯೋಗ ಬಂತು ನೋಡ್ರಪ್ಪ" ಎಂದು ನಕ್ಕರು. ನಾವೂ ಒಂದು ಕ್ಷಣ ಹಾಗೆಯೇ ಯೋಚಿಸಿದೆವು. ಸುಳ್ಳು ಹೇಳಬಾರದು. ಆದರೆ ಆ ಕಾರನ್ನು ನಡೆಸಿಕೊಂಡು ಬಂದಿದ್ದ ಭಕ್ತರು ಒಳಗೆ ಬಂದು ಕುಳಿತು ಅದರ ಕಥೆ ಹೇಳಿದ ಮೇಲೆ, ನಗುವುದು ಹಾಗಿರಲಿ, ನಮಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ. ಅವರ ಒಪ್ಪಿಗೆ ಪಡೆದು ಈ ದಿನ ಅದನ್ನು ನಿಮ್ಮ ಮುಂದೆ ಇಡುತ್ತೇವೆ. ಹೆಸರು, ಊರು ಕೇಳಬೇಡಿ. ಇದು ನಮ್ಮ ತೆಂಗಿನ ಸೀಮೆಯ ಯಾವ ಊರಿನಲ್ಲಾದರೂ ನಡೆಯಬಹುದಾದ ಸಂಗತಿ.

ಕೊರೋನಾ ಕಾಲವನ್ನು ನೀವಾರೂ ಮರೆತಿಲ್ಲ. 2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ ಆಯಿತು. 25ರಿಂದ ಇಡೀ ದೇಶಕ್ಕೆ 21 ದಿನಗಳ ಬೀಗ ಬಿತ್ತು, ಆಮೇಲೆ ಅದು ಬೆಳೆಯುತ್ತಲೇ ಹೋಯಿತು. ರೈಲು ನಿಂತಿತು, ಬಸ್ಸು ನಿಂತಿತು. ಕೊಬ್ಬರಿ ಹರಾಜಿನ ಕೂಗಿಗೆ ಹೆಸರಾದ ತಿಪಟೂರಿನಲ್ಲಿ ಮೌನ ಕೇಳಿಸಿತು. ನಮ್ಮ ಹಿರಿಯರು ಪ್ಲೇಗಿನ ಕಾಲದ ಮಾತು ಹೇಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಬಂದ ಆ ಮಾರಿ ಮೈಸೂರು ಸೀಮೆಯ ಊರೂರಿಗೂ ಹಬ್ಬಿದಾಗ, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದರಂತೆ. ಆಗ ಊರು ಬಿಡುವುದು ರಕ್ಷಣೆ, ಈಗ ಮನೆ ಬಿಡದಿರುವುದು ರಕ್ಷಣೆ. ರೀತಿ ಬೇರೆ, ಭಯ ಮಾತ್ರ ಒಂದೇ. ಮನುಷ್ಯನಿಗೆ ಮನುಷ್ಯನ ಉಸಿರೇ ಶತ್ರುವಾದ ಕಾಲ ಅದು.

ಈ ಭಕ್ತರು ಇಬ್ಬರು ಅಣ್ಣತಮ್ಮಂದಿರಲ್ಲಿ ಕಿರಿಯರು. 2010ರಲ್ಲಿ ತೋಟ ಪಾಲಾಯಿತು. ಪಾಲೆಲ್ಲ ಸರಿಯಾಗಿಯೇ ಆಯಿತು. ಉಳಿದದ್ದು ನಡುವಿನ ಬದುವಿನ ಮೇಲಿನ ನಾಲ್ಕು ತೆಂಗಿನ ಮರ. "ಅವು ನನ್ನ ಕಡೆ" ಎಂದು ಅಣ್ಣ, "ನನ್ನ ಕಡೆ" ಎಂದು ತಮ್ಮ. ಅಂದು ನಿಂತ ಮಾತು ಹನ್ನೊಂದು ವರ್ಷ ಹೊರಡಲಿಲ್ಲ. ಎರಡು ಮನೆಗೂ ಇರುವುದು ಕೂಗಳತೆ ದೂರ. ಅಣ್ಣನ ಮನೆಯಲ್ಲಿ ಕೊಬ್ಬರಿ ಸುಲಿದರೆ ತಮ್ಮನ ಮನೆಗೆ ಸದ್ದು ಕೇಳುತ್ತಿತ್ತು. ಕೇಳಿದರೂ ಕೇಳದವರಂತೆ ಇದ್ದರು.

2021ರ ಮೇ ತಿಂಗಳು, ಎರಡನೆಯ ಅಲೆ. ಅಣ್ಣನಿಗೆ ಜ್ವರ ಬಂತು, ಉಸಿರು ಸಿಕ್ಕಿಕೊಂಡಿತು. ಒಂದು ರಾತ್ರಿ ಆಂಬುಲೆನ್ಸು ಬಂದು ಕರೆದುಕೊಂಡು ಹೋಯಿತು. ಅವರು ಸಾಕಿದ ನಾಯಿ, ಅದರ ಹೆಸರು ಕರಿಯ, ಆ ಕೆಂಪು ದೀಪದ ಹಿಂದೆ ಹೆದ್ದಾರಿಯವರೆಗೆ ಓಡಿತು. ಹಿಂದಿರುಗುವಾಗ ಮುಂಗಾಲಿಗೆ ಆಳವಾದ ಗಾಯವಾಗಿತ್ತು. ಒಂಬತ್ತನೆಯ ದಿನ ಅಣ್ಣ ಲಿಂಗೈಕ್ಯರಾದರು. ಅವರದೇ ತೋಟದಲ್ಲಿ, ಮೈತುಂಬ ಬಿಳಿಯ ಉಡುಪು ತೊಟ್ಟ ನಾಲ್ಕೈದು ಜನ ಸಮಾಧಿ ಕಾರ್ಯ ಮುಗಿಸಿದರು. ತಮ್ಮ ಬದುವಿನಾಚೆ ನಿಂತು ನೋಡಿದರು. ಹನ್ನೊಂದು ವರ್ಷ ಮುಖ ನೋಡಲಾರೆ ಎಂದವರಿಗೆ, ನೋಡಬೇಕೆಂದ ದಿನ ನೋಡಲು ಮುಖ ಸಿಕ್ಕಲಿಲ್ಲ.

ಬಂಧುಗಳೇ, ಇಲ್ಲಿ ಒಂದು ಲೆಕ್ಕ ಹಾಕೋಣ. ನೀವು ಲೆಕ್ಕ ಬಲ್ಲವರು. ಒಂದು ಮರಕ್ಕೆ ವರ್ಷಕ್ಕೆ ನೂರು ಕಾಯಿ ಎಂದರೆ ನಾಲ್ಕು ಮರಕ್ಕೆ ನಾನೂರು. ಹನ್ನೊಂದು ವರ್ಷಕ್ಕೆ 4,400 ಕಾಯಿ. ಏಳೆಂಟು ನೂರು ಕಾಯಿಗೆ ಒಂದು ಕ್ವಿಂಟಲ್ ಉಂಡೆ ಕೊಬ್ಬರಿ ಎಂದರೆ ಸುಮಾರು ಆರು ಕ್ವಿಂಟಲ್. 2021ರಲ್ಲಿ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 10,600 ರೂಪಾಯಿ. ಒಟ್ಟು ಅರವತ್ತು ಸಾವಿರದ ಮೇಲೆ ಚಿಲ್ಲರೆ. ಒಡಹುಟ್ಟಿದ ಅಣ್ಣನನ್ನು ಅಷ್ಟಕ್ಕೆ ಮಾರಿಕೊಂಡ ಹಾಗಾಯಿತಲ್ಲ! ಇದು ನಾವು ಹಾಕಿದ ಲೆಕ್ಕವಲ್ಲ. ಅವರೇ ನಮ್ಮ ಮುಂದೆ ಕುಳಿತು, ಬೆರಳು ಮಡಿಚಿ ಹಾಕಿದ ಲೆಕ್ಕ.

ಸಮಾಧಿಯಾದ ಮೂರನೆಯ ದಿನ ಕರಿಯ ತಮ್ಮನ ಪಂಪ್‌ಹೌಸಿನ ಮೂಲೆಯಲ್ಲಿ ಬಂದು ಮಲಗಿತ್ತು. ಮುದ್ದೆ ಇಟ್ಟರೆ ಮೂಸಲಿಲ್ಲ. ರಸ್ತೆಯಲ್ಲಿ ಮೋಟಾರಿನ ಸದ್ದಾದರೆ ಸಾಕು, ಬಾಲ ಹೊಟ್ಟೆಗೆ ಸೇರಿಸಿಕೊಂಡು ಗಡಗಡ ನಡುಗುತ್ತಿತ್ತು. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳಿದರೆ, ನಾಯಿಯ ಕಿವಿಗೆ 45,000ದವರೆಗೆ ಕೇಳುತ್ತದೆ. ನಮಗೆ ಮೌನವಾದದ್ದು ಅದಕ್ಕೆ ಮೌನವಲ್ಲ. ಅದರ ಪಾಲಿಗೆ ಪ್ರತಿಯೊಂದು ಗಾಡಿಯೂ ಒಡೆಯನನ್ನು ಒಯ್ದ ಗಾಡಿಯೇ.

ಕಾಲಿನ ಗಾಯ ಕೀವಾಯಿತು. ಪಶುವೈದ್ಯರಲ್ಲಿಗೆ ಹೋಗಲು ಇಬ್ಬರು ಆಳುಗಳು ಅದನ್ನು ಗೋಣಿಯಲ್ಲಿ ಸುತ್ತಿ ಕಾರಿಗೆ ಹಾಕಬೇಕಾಯಿತು. ದಾರಿಯುದ್ದಕ್ಕೂ ಜೊಲ್ಲು, ವಾಂತಿ. ವೈದ್ಯರು ಗಾಯ ತೊಳೆದು, ಔಷಧಿ ಕೊಟ್ಟು ಹೇಳಿದರು: "ಗಾಯ ವಾಸಿಯಾಗುತ್ತದೆ. ಭಯಕ್ಕೆ ನನ್ನ ಬಳಿ ಸೂಜಿಯಿಲ್ಲ. ಆಸ್ಪತ್ರೆಗೆ ಬರುವಾಗ ಮಾತ್ರ ಕಾರು ಹತ್ತಿಸಿದರೆ, ಕಾರು ಎಂದರೆ ನೋವು ಎಂದೇ ಅದು ಕಲಿಯುತ್ತದೆ. ಯಾವ ಕೆಲಸವೂ ಇಲ್ಲದೆ ಸುಮ್ಮನೆ ಕಾರಿನ ಬಳಿ ಕೂರಿಸಿ. ಬಲವಂತ ಮಾಡಬೇಡಿ. ಹೊಟ್ಟೆ ತುಂಬಿಸಿ ಹೊರಡಬೇಡಿ. ಕಿಟಕಿ ಸ್ವಲ್ಪ ತೆರೆದಿಡಿ. ಬಿಸಿಲಲ್ಲಿ ಮುಚ್ಚಿದ ಕಾರಿನಲ್ಲಿ ಒಂದು ಗಳಿಗೆಯೂ ಬಿಡಬೇಡಿ, ಜೀವಕ್ಕೇ ಅಪಾಯ. ಆಮೇಲೆ, ಅದರ ಯಜಮಾನರ ಬೆವರಿನ ವಾಸನೆಯಿರುವ ಹಳೆಯ ಬಟ್ಟೆ ಒಂದಿದ್ದರೆ ಸೀಟಿನ ಮೇಲೆ ಹಾಸಿ."

ಮೊದಲ ಮಾತುಗಳೆಲ್ಲ ಸುಲಭ. ಕೊನೆಯ ಮಾತು ಕಷ್ಟ. ಅಣ್ಣನ ಬಟ್ಟೆ ಬೇಕೆಂದರೆ ಅಣ್ಣನ ಮನೆಯ ಹೊಸ್ತಿಲಿಗೆ ಹೋಗಬೇಕು. ಅತ್ತಿಗೆಯ ಮುಖ ನೋಡಬೇಕು. ಎರಡು ದಿನ ಅವರು ಹೋಗಲಿಲ್ಲ. ಮೂರನೆಯ ದಿನ ನಾಯಿಯ ನಡುಕ ನೋಡಲಾರದೆ ಹೋದರು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ನಿಂತು, "ಅತ್ತಿಗೆಮ್ಮ, ಕರಿಯನಿಗೆ ಅಣ್ಣನ ಒಂದು ಟವಲ್ ಬೇಕಿತ್ತು" ಎಂದರು. ಹನ್ನೊಂದು ವರ್ಷಕ್ಕೆ ಅದೇ ಮೊದಲ ಮಾತು. ಆ ತಾಯಿ ಏನೂ ಹೇಳಲಿಲ್ಲ. ಒಳಗೆ ಹೋಗಿ ಟವಲ್ ತಂದು ಜಗಲಿಯ ಮೇಲಿಟ್ಟು ಬಾಗಿಲು ಹಾಕಿಕೊಂಡರು. ಹಾಕಿಕೊಳ್ಳದೆ ಏನು ಮಾಡಿಯಾರು?

ಮೊದಲ ವಾರ ಕಾರು ಕದಲಲೇ ಇಲ್ಲ. ತೋಟದ ನೆರಳಲ್ಲಿ ಬಾಗಿಲು ತೆರೆದು ನಿಲ್ಲಿಸಿ, ಒಳಗೆ ಟವಲ್ ಹಾಸಿ, ಇವರು ಹೊರಗೆ ಸೋಗೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ನಾಲ್ಕನೆಯ ದಿನ ಕರಿಯ ಹತ್ತಿರ ಬಂದು ಟವಲ್ ಮೂಸಿತು. ಆರನೆಯ ದಿನ ತಾನೇ ಹತ್ತಿ ಅದರ ಮೇಲೆ ಮಲಗಿತು. ಎರಡನೆಯ ವಾರ ಇಂಜಿನು ಶುರುಮಾಡಿ ನಿಲ್ಲಿಸುವುದು. ಆಮೇಲೆ ತೋಟದೊಳಗೇ, ಬಾವಿಯಿಂದ ಕಣದವರೆಗೆ, ನಡೆಯುವವನಿಗಿಂತ ನಿಧಾನವಾಗಿ. ಊರಿಗೆ ನಿಯಮ ಇದ್ದಾಗ ಇವರು ತೋಟ ದಾಟಲಿಲ್ಲ ಎಂಬುದನ್ನೂ ಗಮನಿಸಿ. ಜೂನ್ 14ರಿಂದ ನಮ್ಮ ಜಿಲ್ಲೆಯಲ್ಲಿ ನಿರ್ಬಂಧ ಸಡಿಲವಾದ ಮೇಲೆಯೇ ಹಗಲು ಹೊತ್ತು ಹೊರಗೆ ಹೊರಟರು. ಒಂದು ದಿನ ಕೆ.ಬಿ. ಕ್ರಾಸಿನವರೆಗೆ, ಇನ್ನೊಂದು ದಿನ ನೊಣವಿನಕೆರೆಯ ಏರಿಯವರೆಗೆ. ಎಲ್ಲಿಗೂ ಅವಸರವಿಲ್ಲ. ಹಿಂದಿನವರು ಹಾರನ್ ಹೊಡೆದರೆ ಪಕ್ಕಕ್ಕೆ ಸರಿದು ದಾರಿ ಬಿಡುವುದು.

ಟವಲಿನ ವಾಸನೆ ಕಡಿಮೆಯಾದಾಗ ಮತ್ತೆ ಅತ್ತಿಗೆಯ ಅಂಗಳಕ್ಕೆ ಹೋದರು. ಈ ಸಲ ಆ ತಾಯಿ ಅಣ್ಣನ ಹಳೆಯ ಪಂಚೆ ತಂದುಕೊಟ್ಟು, "ಅದು ಉಣ್ತಾ ಇದೆಯೇನಪ್ಪ?" ಎಂದು ಕೇಳಿದರು. "ಅರ್ಧ ಮುದ್ದೆ ತಿಂತದೆ ಅತ್ತಿಗೆಮ್ಮ. ನೀವು?" ಎಂದರು ಇವರು. ಆ ತಾಯಿ ಉತ್ತರ ಹೇಳದೆ ಸೆರಗು ಬಾಯಿಗೆ ಹಿಡಿದುಕೊಂಡರು. ಆಗ ಇವರಿಗೆ ತಿಳಿಯಿತು, ನಡುಗುತ್ತಿದ್ದ ಜೀವ ಒಂದಲ್ಲ, ಎರಡು. ಯಜಮಾನ ಹೋಗಿದ್ದಾರೆ. ಮಗಳು ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದಾಳೆ. ರೋಗದ ಮನೆಯೆಂದು ಜನ ಹತ್ತಿರ ಸುಳಿಯುತ್ತಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದು ವಾರವಾಗಿದೆ, ಯಾರನ್ನು ಕೇಳುವುದು?

ಅಂದು ಕಾರು ಮಾತ್ರೆ ತರಲು ತಿಪಟೂರಿಗೆ ಹೋಯಿತು. ಕರಿಯನೂ ಹೋಯಿತು. ಮಾರನೆಯ ವಾರ ಆ ತಾಯಿಯೂ ಹಿಂದಿನ ಸೀಟಿನಲ್ಲಿ ಕುಳಿತರು, ಕಿಟಕಿ ಎಲ್ಲ ತೆರೆದು. ತುರುವೇಕೆರೆಗೆ ಹೋದರು. ಗಂಗಾಧರೇಶ್ವರನ ಗುಡಿಯಲ್ಲಿ ಇನ್ನೂ ದರ್ಶನವಿರಲಿಲ್ಲ. ಜುಲೈ 5ರವರೆಗೆ ರಾಜ್ಯದ ಯಾವ ಗುಡಿಯಲ್ಲೂ ಇರಲಿಲ್ಲ. ಹೊರಗಿನಿಂದಲೇ ಕೈಮುಗಿದರು. ಬರುವಾಗ ಆ ತಾಯಿ ಕರಿಯನ ತಲೆ ಸವರುತ್ತ, ಯಾರಿಗೆ ಹೇಳಿದರೋ ಏನೋ, "ನಿಮ್ಮಣ್ಣ ಆ ನಾಲ್ಕು ಮರದ ಕಾಯಿ ಒಂದು ದಿನವೂ ಮಾರಲಿಲ್ಲ ಕಣಪ್ಪ. ಮಠದ ದಾಸೋಹಕ್ಕೆ ಕಳಿಸ್ತಿದ್ರು. ತಮ್ಮ ಬಂದು ಕೇಳಿದ್ರೆ ಕೊಟ್ಬಿಡೋಣ ಅಂತಿದ್ರು" ಎಂದರು. ಇವರು ಕಾರು ಪಕ್ಕಕ್ಕೆ ನಿಲ್ಲಿಸಿ ಅತ್ತರು. ಕೇಳುವವನು ಹೋಗಲಿಲ್ಲ, ಕೊಡುವವನು ಕರೆಯಲಿಲ್ಲ. ನಡುವೆ ಹನ್ನೊಂದು ವರ್ಷ ಉದುರಿಹೋಯಿತು.

ಈಗ ನೀವು ಕೇಳಬಹುದು: "ಬುದ್ಧಿ, ಜನಕ್ಕೇ ದಿಕ್ಕಿಲ್ಲದ ಕಾಲದಲ್ಲಿ ನಾಯಿಗೆ ಪೆಟ್ರೋಲು ಸುಡುವುದು ಸರಿಯೇ?" ನ್ಯಾಯವಾದ ಪ್ರಶ್ನೆ. ಆದರೆ ದಯೆ ಎನ್ನುವುದು ಮೂಟೆಯಲ್ಲಿ ಅಳೆದಿಟ್ಟ ರಾಗಿಯಲ್ಲ, ನಾಯಿಗೆ ಒಂದು ಸೇರು ಕೊಟ್ಟರೆ ಮನುಷ್ಯನಿಗೆ ಒಂದು ಸೇರು ಕಡಿಮೆಯಾಗಲಿಕ್ಕೆ. ಅದು ಬಾವಿಯ ಒರತೆ. ಸೇದಿದಷ್ಟೂ ಬರುತ್ತದೆ. ನಾಯಿಗಾಗಿ ಹೊರಟವರು ಅತ್ತಿಗೆಯ ಮಾತ್ರೆ ತಂದರು. ಅತ್ತಿಗೆಯ ಮಾತ್ರೆಗೆ ಹೋದವರು ಪಕ್ಕದ ಎರಡು ಮನೆಗಳ ಮಾತ್ರೆಯನ್ನೂ ತಂದರು. ಅದೇ ಕಾಲದಲ್ಲಿ, ಸಾಕುಪ್ರಾಣಿಯಿಂದ ರೋಗ ಬರುತ್ತದೆಂಬ ಗಾಳಿಮಾತು ನಂಬಿ, ಅನ್ನ ಹಾಕಿ ಸಾಕಿದ ನಾಯಿಗಳನ್ನು ಬೀದಿಗೆ ಬಿಟ್ಟವರೂ ಇದ್ದರು. ರೋಗ ಹರಡಿದ್ದು ಮನುಷ್ಯರಿಂದ ಮನುಷ್ಯರಿಗೆ. ದಂಡ ತೆತ್ತದ್ದು ಮೂಕಪ್ರಾಣಿ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹಾವಿನಹಾಳ ಕಲ್ಲಯ್ಯನವರ ಕಥೆ ನೀವು ಬಲ್ಲಿರಿ. ವೇದಕ್ಕೆ ಅರ್ಹರು ಯಾರು ಎಂದು ಹಮ್ಮಿನಿಂದ ಮಾತಾಡಿದವರ ಮುಂದೆ ಅವರು ನಾಯಿಯ ಬಾಯಲ್ಲಿ ವೇದ ಓದಿಸಿದರು ಎಂದು ನಮ್ಮ ಪರಂಪರೆ ಹೇಳುತ್ತದೆ. ಕರಿಯ ವೇದ ಓದಲಿಲ್ಲ. ಆದರೆ ಬದುವಿನ ಆಚೆಯವರನ್ನು ಈಚೆಗೆ ದಾಟಿಸಿತು. ಓದು ಬಲ್ಲ ನಮಗೆ ಅದು ಹನ್ನೊಂದು ವರ್ಷ ಆಗಿರಲಿಲ್ಲ.

ಕೊನೆಗೆ ನಿಮಗೆ ಗೊತ್ತಿರುವ ಮಾತನ್ನೇ ಹೇಳುತ್ತೇವೆ. ಅಟ್ಟದ ಮೇಲೆ ಹಾಕಿದ ಕಾಯಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅವಸರಪಟ್ಟು ಮೊದಲೇ ಒಡೆದರೆ ತಿರುಳು ಕರಟಕ್ಕೆ ಅಂಟಿಕೊಂಡೇ ಇರುತ್ತದೆ, ಉಂಡೆ ಒಡೆದುಹೋಗುತ್ತದೆ. ಒಳಗಿನ ನೀರು ಆರಿದ ಮೇಲೆ ಗಿಟುಕು ತಾನಾಗಿ ಕರಟವನ್ನು ಬಿಡುತ್ತದೆ. ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಭಯವೂ ಹಾಗೆಯೇ. ಹೆದರಿದವರಿಗೆ "ಹೆದರಬೇಡ" ಎಂದು ಗದರಿದರೆ ಭಯ ಹೋಗುವುದಿಲ್ಲ. ಬಾಗಿಲು ತೆರೆದಿಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು, ಅವರೇ ಬರುವವರೆಗೆ ಕಾಯಬೇಕು. ಹಾಗೆ ಕಾಯುವುದೂ ಒಂದು ದಾಸೋಹ.

ಆದರೆ ಒಂದು ವ್ಯತ್ಯಾಸ ಮರೆಯಬೇಡಿ. ಭಯಕ್ಕೆ ನಿಧಾನ ಮದ್ದು, ಹಗೆಗೆ ನಿಧಾನ ವಿಷ. ಕಾಯಿ ಅಟ್ಟದ ಮೇಲೆ ಕಾದರೆ ಕೊಬ್ಬರಿಯಾಗುತ್ತದೆ. ಅಣ್ಣತಮ್ಮಂದಿರ ಮುನಿಸು ಕಾದರೆ ಏನಾಗುತ್ತದೆ ಎಂಬುದನ್ನು ಈಗ ಕೇಳಿದಿರಿ. ಈ ಸಭೆಯಲ್ಲಿ ಬದುವಿನ ಮೇಲೆ, ಬೋರ್‌ವೆಲ್ಲಿನ ಮೇಲೆ ಮಾತು ಬಿಟ್ಟವರು ಎಷ್ಟು ಜನರಿದ್ದೀರಿ, ನಮಗೆ ಗೊತ್ತಿಲ್ಲ. ನಿಮಗೆ ಗೊತ್ತು. ಈ ರಾತ್ರಿ ಪ್ರಸಾದ ಮುಗಿಸಿಕೊಂಡು ಮನೆಗೆ ಹೋಗುವಾಗ ಆ ಮನೆಯ ಅಂಗಳದಲ್ಲಿ ಒಂದು ಗಳಿಗೆ ನಿಲ್ಲಿ. ಏನು ಮಾತಾಡುವುದೆಂದು ತೋಚದಿದ್ದರೆ ಒಂದು ಹಳೆಯ ಟವಲ್ ಕೇಳಿ, ಸಾಕು.

ಕರಿಯನಿಗೆ ಈಗ ವಯಸ್ಸಾಗಿದೆ. ವರ್ಷ ವರ್ಷ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸುತ್ತಾರೆ, ನೀವೂ ನಿಮ್ಮ ನಾಯಿಗಳಿಗೆ ಹಾಕಿಸಿ. ಆಂಬುಲೆನ್ಸು ಕೂಗಿದರೆ ಈಗಲೂ ನಡುಗುತ್ತದೆಯಂತೆ. ಆಗ ಇವರು ಕಾರು ನಿಲ್ಲಿಸುತ್ತಾರೆ, ಆ ತಾಯಿ ಅದರ ಬೆನ್ನ ಮೇಲೆ ಕೈಯಿಡುತ್ತಾರೆ. ನಡುಕ ನಿಂತ ಮೇಲೆ ಮುಂದಕ್ಕೆ ಹೊರಡುತ್ತಾರೆ. ಬದುವಿನ ನಾಲ್ಕು ಮರದ ಕಾಯಿ ಮಾತ್ರ ಮೊದಲಿನ ಹಾಗೆಯೇ ದಾಸೋಹಕ್ಕೆ ಬರುತ್ತಿದೆ. ಇಂದು ನೀವು ಸ್ವೀಕರಿಸುವ ಪ್ರಸಾದದಲ್ಲಿ ಆ ಕಾಯಿಯೂ ಇದೆ.

ಎಲ್ಲರಿಗೂ ಒಳಿತಾಗಲಿ.