ನಮ್ಮ ನಾಡು, ನಮ್ಮ ಜನ, ನಮ್ಮ ಸಂಘ
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭದಿನ ನಮ್ಮ ನಾಡಿನ ಚರಿತ್ರೆಯ ಬಗ್ಗೆ ನಾಲ್ಕು ಮಾತಾಡಬೇಕೆಂದು ಅಪ್ಪಣೆಯಾಗಿದೆ. ಹಾಲಿನ ಸೊಸೈಟಿಗೂ ಚರಿತ್ರೆಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಉಂಟು.

ಚರಿತ್ರೆ ಅಂದ ಕೂಡಲೇ ನಾವು ಕಲ್ಲನ್ನು ತೋರಿಸುತ್ತೇವೆ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ, ವೇಣೂರಿನಲ್ಲಿ ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ ಗೊಮ್ಮಟ, ಬೆಳ್ತಂಗಡಿ ತಾಲೂಕಿನಲ್ಲಿ ಟಿಪ್ಪು ಕೋಟೆ ಕಟ್ಟಿದ ಗಡಾಯಿಕಲ್ಲು. ಚೌಟರು, ಅಜಿಲರು, ಬಂಗರು ಆಳಿದ ನಾಡು ಇದು. ಬಂಟ್ವಾಳದ ಕತೆ ಮಾತ್ರ ನೀರಿನದ್ದು. ನೇತ್ರಾವತಿಯ ದೋಣಿಗಳಿಂದ ಪೇಟೆ ಬೆಳೆಯಿತು. ಅದೇ ನದಿ 1923ರಲ್ಲಿ, ಮತ್ತೆ 1974ರಲ್ಲಿ ಪೇಟೆಯನ್ನು ಮುಳುಗಿಸಿತು.

ಆದರೆ ಕಲ್ಲು ಹೊತ್ತವರ, ದೋಣಿ ನಡೆಸಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಅವರ ಮಕ್ಕಳು, ಮೊಮ್ಮಕ್ಕಳೇ ನಾವು. ನಮ್ಮಲ್ಲಿ ಮನೆಯೊಳಗೆ ತುಳು ಮಾತಾಡುವವರು ಹೆಚ್ಚು. ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ, ಮರಾಠಿ ಮಾತಾಡುವವರೂ ಇದ್ದಾರೆ. ಕೇರಳದಿಂದ ಬಂದು ಬೆಳ್ತಂಗಡಿಯ ಗುಡ್ಡಗಳಲ್ಲಿ ರಬ್ಬರ್ ತೋಟ ಮಾಡಿದವರ ಮಲಯಾಳವೂ ಇದೆ. ಭಾಷೆ ಬೇರೆಯಾದರೂ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಕಷ್ಟ ಸಮಾನವಾಗಿತ್ತು, ಅದು ಗೇಣಿ. ಬೆಳೆ ಬರಲಿ ಬಾರದಿರಲಿ, ಧಣಿಗಳ ಅಂಗಳಕ್ಕೆ ಅಕ್ಕಿಮುಡಿ ಹೋಗಲೇಬೇಕು. ಚಾಲಗೇಣಿಯ ಒಕ್ಕಲಿಗೆ ಮುಂದಿನ ಮಳೆಗಾಲಕ್ಕೆ ಗದ್ದೆ ಉಳಿಯುತ್ತದೋ ಇಲ್ಲವೋ ಎಂಬ ಭಯ ಬೇರೆ.

ನೆರೆ ಬಂದ ಅದೇ 1974ರಲ್ಲಿ ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಡಿಕ್ಲರೇಶನ್ ಕೊಟ್ಟ ಒಕ್ಕಲುಗಳು ಭೂಮಾಲಕರಾದರು. ಇದು ನಮ್ಮ ನಾಡಿನ ದೊಡ್ಡ ಬದಲಾವಣೆ. ಆದರೆ ಗೇಣಿ ಚೀಟೂ ಇಲ್ಲದೆ ಬರೇ ಕೂಲಿಗೆ ದುಡಿದವರ ಕೈಗೆ ಈ ಕಾನೂನಿನಿಂದ ಗದ್ದೆ ಬರಲಿಲ್ಲ.

ಪುತ್ತೂರಿನ ಮೊಳಹಳ್ಳಿ ಶಿವರಾಯರು ಕಳೆದ ಶತಮಾನದ ಆರಂಭದಲ್ಲೇ ಜಿಲ್ಲೆಯಲ್ಲಿ ಸಹಕಾರದ ಬೀಜ ಬಿತ್ತಿದ್ದರು. ಆದರೆ ಬೆಳೆಸಾಲಕ್ಕೆ ಆರ್.ಟಿ.ಸಿ. ಬೇಕು. ಹಾಲಿಗೆ ಅದು ಬೇಡ. 1986ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ ಆದ ಮೇಲೆ ಹಳ್ಳಿಹಳ್ಳಿಗೆ ಸಂಘಗಳು ಬಂದವು. ಐದು ಸೆಂಟ್ಸ್ ಜಾಗ, ಒಂದು ದನ ಇದ್ದರೂ ಸದಸ್ಯರಾಗಬಹುದು. ಬೆಳಿಗ್ಗೆ ಕ್ಯಾನಿನ ಸಾಲಿನಲ್ಲಿ ಗುತ್ತಿನ ಮನೆಯವರ ಹಿಂದೆ ಬೀಡಿ ಕಟ್ಟುವ ಅಕ್ಕ, ಅವರ ಹಿಂದೆ ಬ್ಯಾರಿ, ಅವರ ಹಿಂದೆ ಭಟ್ಟರು. ದರ ನಿಶ್ಚಯ ಮಾಡುವುದು ಜಾತಿಯಲ್ಲ, ಹಾಲಿನ ಫ್ಯಾಟು. ಕಲ್ಲಿನಲ್ಲಿ ಇಲ್ಲದ ನಮ್ಮ ಹೆಸರು ಸಂಘದ ಪುಸ್ತಕದಲ್ಲಿ ಬರೆದಿದೆ.

ಆದರೆ ಆ ಪುಸ್ತಕ ಇನ್ನೂ ಪೂರ್ತಿಯಾಗಿಲ್ಲ ಬಂಧುಗಳೇ. ಕೊರಗರನ್ನು ಹೀನಾಯವಾಗಿ ಕಂಡ ಅಜಲು ಪದ್ಧತಿಯನ್ನು 2000ದ ಕಾನೂನು ನಿಷೇಧಿಸಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಮಲೆಕುಡಿಯರ ಮನೆಗಳಿವೆ. ಈ ಎರಡೂ ಸಮುದಾಯದ ಎಷ್ಟು ಹೆಸರು ನಮ್ಮ ಸದಸ್ಯರ ಪಟ್ಟಿಯಲ್ಲಿವೆ? ಕೈಬೆರಳಲ್ಲಿ ಎಣಿಸಬಹುದು. ದನ ಕೊಳ್ಳಲು ಜಾಮೀನು ನಿಲ್ಲುವವರಿಲ್ಲ, ಕಾಡಿನ ಮನೆಯಿಂದ ಡೈರಿಗೆ ಹಾಲು ತರಲು ದಾರಿ ಇಲ್ಲ. ಇದು ಅವರ ತಪ್ಪಲ್ಲ, ನಮ್ಮೆಲ್ಲರ ಬಾಕಿ ಕೆಲಸ.

ಆದ್ದರಿಂದ ಮುಂದಿನ ಮಹಾಸಭೆಗೆ ಮೊದಲು ಆ ಮನೆಗಳಿಗೆ ನಾವೇ ಹೋಗೋಣ. ಏನು ಬೇಕೆಂದು ಅವರನ್ನೇ ಕೇಳೋಣ. ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅವರ ಹೆಸರೂ ಅಚ್ಚಾಗಲಿ.

 ಜೈ ಸಹಕಾರ.