ಮುಂದಿನ ಗಾಲಿಗೂ ಬಲ

ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಲೆಡ್ಜರು ಬರೆದವನು ನಾನು. ಓದಿದ್ದು ಮೆಟ್ರಿಕ್. ಇಂಥವನು ಜೀಪಿನ ಗಾಲಿ, ಗೇರು, ಶಾಫ್ಟು ಅಂತ ಮಾತಾಡಲು ಬಂದಿದ್ದಾನಲ್ಲ ಎಂದು ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ನಮ್ಮ ಮನೆಯಲ್ಲಿ ಆದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಅದರಲ್ಲಿ ನನ್ನ ತಪ್ಪೂ ಇದೆ. ಮಿರಜ ತಾಲೂಕಿನಲ್ಲಿ, ಜತ್ತದಲ್ಲಿ, ಆಚೆ ಕಾಗವಾಡ, ಅಥಣಿ ಕಡೆಯಲ್ಲಿ ಹಳೆಯ ಜೀಪು ಇಟ್ಟುಕೊಂಡವರು ಬಹಳ ಜನ ಇದ್ದೀರಿ. ನಿಮ್ಮಲ್ಲಿ ಯಾರಾದರೂ ಅದೇ ವಿಚಾರದಲ್ಲಿದ್ದರೆ ಈ ಮಾತು ಉಪಯೋಗಕ್ಕೆ ಬಂದೀತು.

ನನ್ನ ಅಕ್ಕನ ಮನೆ ಮ್ಹೈಸಾಳದ ಕಡೆ, ಕೃಷ್ಣಾ ನದಿಯ ಎರೆ ಹೊಲದಲ್ಲಿ. ಊರಿನ ಡಾಂಬರು ರಸ್ತೆಯಿಂದ ಅವರ ವಸ್ತಿಗೆ ಎರಡು ಕಿಲೋಮೀಟರ ಪಾಣಂದ ದಾರಿ. ಬೇಸಿಗೆಯಲ್ಲಿ ಅದು ಕಲ್ಲಿನ ಹಾಗೆ. ಮೃಗಶಿರಾ ಮಳೆ ಬಿತ್ತೆಂದರೆ ಎರೆಮಣ್ಣಿನ ಗುಣ ನಿಮಗೆ ಹೇಳಬೇಕಿಲ್ಲ. ಚಪ್ಪಲಿ ಅಲ್ಲೇ ಉಳಿಯುತ್ತದೆ, ಕಾಲು ಮುಂದೆ ಬರುತ್ತದೆ. ಅಕ್ಕನ ಮಗನ ಬಳಿ ಒಂದು ಹಳೆಯ ಡೀಸೆಲ್ ಜೀಪು ಇತ್ತು. ಮೊದಲು ಅದು ವಡಾಪಿಗೆ ಓಡುತ್ತಿದ್ದ ಗಾಡಿ. ವಡಾಪಿನವರು ಹೆಚ್ಚಾಗಿ ಹಿಂದಿನ ಎರಡೇ ಗಾಲಿಗೆ ಬಲ ಇರುವ ಜೀಪನ್ನೇ ಕೊಳ್ಳುತ್ತಿದ್ದರು. ಬೆಲೆ ಕಡಿಮೆ, ಭಾರ ಕಡಿಮೆ, ಎಣ್ಣೆಯೂ ಕಡಿಮೆ. ಡಾಂಬರಿನ ಮೇಲೆ ಹದಿನೈದು ಜನರನ್ನು ತುಂಬಿಕೊಂಡು ಹೋಗಲು ಅಷ್ಟೇ ಸಾಕು.

2015ರ ಮಳೆಗಾಲದ ಒಂದು ರಾತ್ರಿ ನಮ್ಮ ಮಾಂವನವರಿಗೆ ಎದೆ ಹಿಡಿಯಿತು. ಮಿರಜದಲ್ಲಿ ಆಸ್ಪತ್ರೆಗೆ ಕೊರತೆಯಿಲ್ಲ. ಡಾಕ್ಟರ ವಾನ್‌ಲೆಸ್ ಸಾಹೇಬರ ಕಾಲದಿಂದಲೂ ಎರಡೂ ರಾಜ್ಯದ ಜನ ಅಲ್ಲಿಗೇ ಬರುತ್ತಾರೆ. ಆದರೆ ಮಿರಜ ಮುಟ್ಟುವುದಕ್ಕಿಂತ ಆ ಎರಡು ಕಿಲೋಮೀಟರ ದಾಟುವುದೇ ದೊಡ್ಡದಾಯಿತು. ಅರ್ಧ ದಾರಿಯಲ್ಲಿ ಹಿಂದಿನ ಗಾಲಿ ಅಲ್ಲೇ ತಿರುಗಿ ತಿರುಗಿ ಗುಂಡಿ ತೋಡಿತು. ಪಕ್ಕದ ವಸ್ತಿಯವರನ್ನು ಎಬ್ಬಿಸಿ, ಟ್ರ್ಯಾಕ್ಟರ ತಂದು, ಹಗ್ಗ ಕಟ್ಟಿ ಎಳೆಯುವಷ್ಟರಲ್ಲಿ ಒಂದು ತಾಸು ಹೋಯಿತು. ಮಾಂವನವರು ಉಳಿದರು. ಆದರೆ ಆ ಒಂದು ತಾಸು ಮಗನ ತಲೆಯಿಂದ ಹೋಗಲಿಲ್ಲ.

ಮುಂದೆ ಒಂದು ದಿನ ನಮ್ಮ ಮನೆಗೆ ಬಂದು ಕೇಳಿದ: “ಮಾಮಾ, ಮುಂದಿನ ಗಾಲಿಗೂ ಬಲ ಕೊಡಬೇಕಂತ ಮಾಡೀನಿ. ಮೋಡ್ಕಾದಾಗ ಸಾಮಾನ ಸಿಗತಾವ. ಮನ್ಯಾಗ ಕೂಡಸಿಕೋತೀವಿ. ನಲವತ್ತು ಸಾವಿರ ಕಮ್ಮಿ ಬೀಳತೈತಿ.” ನಾನು ಮರುಮಾತಾಡದೆ ಕೊಟ್ಟೆ. ಸಾವಿರಾರು ವಾಹನ ಸಾಲದ ಕಾಗದಗಳನ್ನು ಕೈಯಾರೆ ಫೈಲು ಮಾಡಿದವನು, ಗಾಡಿಯ ಆರ್‌ಸಿ ಬುಕ್ಕಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ಗಿರಾಕಿಯನ್ನು ವಾಪಸು ಕಳಿಸಿದವನು, ಅಂದು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಈಗ ಈ ಕೆಲಸದಲ್ಲಿ ಏನೇನು ಬರುತ್ತದೆ ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಸಾದಾ ಜೀಪಿನಲ್ಲಿ ಇಂಜಿನ್ನಿನ ಬಲ ಗೇರ್ ಬಾಕ್ಸಿಗೆ ಬಂದು, ಅಲ್ಲಿಂದ ಉದ್ದನೆಯ ಪ್ರೊಪೆಲರ್ ಶಾಫ್ಟಿನ ಮೂಲಕ ಹಿಂದಿನ ಆಕ್ಸಲಿಗೆ ಹೋಗುತ್ತದೆ. ಆಕ್ಸಲಿನ ನಡುವೆ ಕುಂಬಳಕಾಯಿಯಂಥ ಗುಂಡು ಇರುತ್ತದಲ್ಲ, ಅದು ಡಿಫರೆನ್ಶಿಯಲ್. ಶಾಫ್ಟಿನ ತಿರುವನ್ನು ಎಡಬಲ ಗಾಲಿಗಳಿಗೆ ಹಂಚುವುದು ಅದರ ಕೆಲಸ. ಮುಂದಿನ ಆಕ್ಸಲು ಬರೀ ಭಾರ ಹೊರುವ ಕಬ್ಬಿಣದ ತೊಲೆ. ನಾಲ್ಕೂ ಗಾಲಿಗೆ ಬಲ ಬೇಕೆಂದರೆ ಆ ತೊಲೆ ತೆಗೆದು, ಡಿಫರೆನ್ಶಿಯಲ್ ಇರುವ ಆಕ್ಸಲು ಹಾಕಬೇಕು. ಮುಂದಿನ ಗಾಲಿ ಹೊರಳುತ್ತಲೂ ಇರಬೇಕು, ತಿರುಗುತ್ತಲೂ ಇರಬೇಕು. ಅದಕ್ಕಾಗಿ ಎರಡೂ ಬದಿಗೆ ಜಾಯಿಂಟು ಬೇಕು. ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಕೂಡಿಸಬೇಕು. ಬಲವನ್ನು ಹಿಂದಕ್ಕೂ ಮುಂದಕ್ಕೂ ಪಾಲು ಮಾಡುವುದು ಅದೇ. ಆ ಪೆಟ್ಟಿಗೆ ಜಾಗ ತಿನ್ನುವುದರಿಂದ ಹಿಂದಿನ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿಸಬೇಕು, ವೆಲ್ಡಿಂಗ್ ಆದ ಮೇಲೆ ಬ್ಯಾಲನ್ಸ್ ನೋಡಿಸಬೇಕು. ಮುಂದೆ ಹೊಸ ಶಾಫ್ಟು. ಸ್ಟೇರಿಂಗಿನ ಕಡ್ಡಿ, ಬ್ರೇಕಿನ ಪೈಪು, ಪಾಟೆ, ಎಲ್ಲ ಮತ್ತೆ ಹೊಂದಿಸಬೇಕು.

ನಮ್ಮ ಕಡೆಯ ಫಿಟ್ಟರುಗಳಿಗೆ ಇದು ಹೊಸದಲ್ಲ. 1941ರಿಂದ ಅಮೇರಿಕದ ಸೈನ್ಯಕ್ಕಾಗಿ ತಯಾರಾದ ಜೀಪು ಮಹಾಯುದ್ಧದ ಜೊತೆಗೆ ನಮ್ಮ ದೇಶಕ್ಕೂ ಬಂತು. 1947ರಿಂದ ಮುಂಬಯಿಯಲ್ಲಿ ಮಹೀಂದ್ರಾದವರು ವಿಲಿಸ್ ಜೀಪಿನ ಜೋಡಣೆ ಶುರು ಮಾಡಿದರು. ಆ ಕಾಲದಿಂದ ಸಾಮಾನು ಬಹಳ ಬದಲಾಗಲಿಲ್ಲವಾದ್ದರಿಂದ ಒಂದರ ಭಾಗ ಇನ್ನೊಂದಕ್ಕೆ ಹೆಚ್ಚು ಕಡಿಮೆ ಕೂಡುತ್ತದೆ. ಈ “ಹೆಚ್ಚು ಕಡಿಮೆ” ಎಂಬುದರಲ್ಲೇ ಎಲ್ಲ ಘಾತ ಇರುವುದು.

ಕೈಗುಣಕ್ಕಂತೂ ನಮ್ಮ ಸೀಮೆ ಹಿಂದಿನಿಂದಲೂ ಹೆಸರಾದದ್ದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಇದೇ ಜಿಲ್ಲೆಯ ಈಗಿನ ಕಿರ್ಲೋಸ್ಕರವಾಡಿಗೆ ಬಂದು ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗಲಿದರೆ ಭೂಮಿಗೆ ವಿಷ ಏರುತ್ತದೆಂದು ರೈತರು ಮೊದಲು ಹೆದರಿದ್ದರಂತೆ. ಮಿರಜದ ಸಿತಾರದ ಮನೆತನಗಳನ್ನೇ ನೋಡಿರಿ. ಅವರ ಹಿರಿಯರು ಕತ್ತಿ, ಆಯುಧ ಹದ ಮಾಡುತ್ತಿದ್ದ ಶಿಕಲಗಾರರು. ಅಂಥ ಊರಿನಲ್ಲಿ ಒಂದು ಆಕ್ಸಲು ಕೂಡಿಸುವುದು ಯಾರಿಗೂ ದೊಡ್ಡದೆನಿಸಲಿಲ್ಲ.

ಬೇವಿನ ಗಿಡದ ಕೆಳಗೆ ಹದಿನೆಂಟು ದಿನ ಕೆಲಸ ನಡೆಯಿತು. ಮಳೆ ಬಂದಾಗ ಜೀಪು ಎರೆದಾರಿಯಲ್ಲಿ ಎಮ್ಮೆಯ ಹಾಗೆ ಗಂಭೀರವಾಗಿ ನಡೆದು ಬಂತು. ಅಕ್ಕ ಗಾಲಿಗೆ ಅರಿಷಿಣ ಕುಂಕುಮ ಹಚ್ಚಿದಳು. ನಾನೂ ಒಂದು ತೆಂಗಿನಕಾಯಿ ಒಡೆದೆ.

ಕೆಡಕು ಕೂತಿದ್ದುದು ಹಲ್ಲಿನ ಲೆಕ್ಕದಲ್ಲಿ. ಡಿಫರೆನ್ಶಿಯಲ್ಲಿನಲ್ಲಿ ಒಂದು ದೊಡ್ಡ ಗೇರು, ಒಂದು ಚಿಕ್ಕ ಗೇರು. ಹಳೆಯ ಜೀಪುಗಳಲ್ಲಿ ಕೆಲವಕ್ಕೆ 39ಕ್ಕೆ 8 ಹಲ್ಲು, ಕೆಲವಕ್ಕೆ 43ಕ್ಕೆ 8 ಹಲ್ಲು. ಅಂದರೆ ಒಂದರಲ್ಲಿ ಗಾಲಿ ಒಂದು ಸುತ್ತು ತಿರುಗಲು ಶಾಫ್ಟು 4.88 ಸುತ್ತು ತಿರುಗಬೇಕು, ಇನ್ನೊಂದರಲ್ಲಿ 5.38. ನಮ್ಮ ಜೀಪಿನಲ್ಲಿ ಹಿಂದೆ 4.88 ಇತ್ತು. ಮೋಡ್ಕಾದಿಂದ ತಂದ ಮುಂದಿನ ಆಕ್ಸಲು 5.38ರದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕುಂಬಳಕಾಯಿ.

ಬ್ಯಾಂಕಿನವನ ಲೆಕ್ಕದಲ್ಲಿ ಹೇಳುತ್ತೇನೆ. ಶಾಫ್ಟು ನೂರು ಸುತ್ತು ತಿರುಗಿದರೆ ಹಿಂದಿನ ಗಾಲಿ ಇಪ್ಪತ್ತೂವರೆ ಸುತ್ತು ಹೋಗಬೇಕೆನ್ನುತ್ತದೆ, ಮುಂದಿನದು ಹದಿನೆಂಟೂವರೆ ಚಿಲ್ಲರೆ ಎನ್ನುತ್ತದೆ. ನೂರೈವತ್ತು ಅಡಿ ಸಾಗುವಷ್ಟರಲ್ಲಿ ಜಮಾ ಖರ್ಚಿನ ನಡುವೆ ಹದಿಮೂರು ಹದಿನಾಲ್ಕು ಅಡಿ ಫರಕು. ಕೆಸರಿನಲ್ಲಿ ಗಾಲಿ ಜಾರಿ ಆ ಫರಕನ್ನು ನುಂಗಿಬಿಡುತ್ತದೆ, ಯಾರಿಗೂ ತಿಳಿಯುವುದಿಲ್ಲ. ಡಾಂಬರಿನ ಮೇಲೆ ಜಾರಲು ಜಾಗವಿಲ್ಲ. ಆ ಸೆಳೆತವೆಲ್ಲ ಶಾಫ್ಟು, ಜಾಯಿಂಟುಗಳ ಮೇಲೆ ಬೀಳುತ್ತದೆ. ಹಲ್ಲಿನ ಲೆಕ್ಕ ಸರಿಯಾಗಿದ್ದರೂ ಇಂಥ ಜೀಪನ್ನು ಒಣ ಡಾಂಬರಿನ ಮೇಲೆ ನಾಲ್ಕು ಗಾಲಿಯ ಬಲದಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಚಿಕ್ಕದು. ಆದ್ದರಿಂದ ಡಾಂಬರಿಗೆ ಬಂದ ಕೂಡಲೇ ಲಿವರ್ ಎಳೆದು ಎರಡೇ ಗಾಲಿಗೆ ತರಬೇಕು. ನಾಲ್ಕೂ ಟಾಯರು ಒಂದೇ ಅಳತೆಯವು ಇರಬೇಕು.

2017ರ ಆಗಸ್ಟದಲ್ಲಿ ಅವನು ಹೊಲದಿಂದ ಬಂದವನು ಲಿವರ್ ಎಳೆಯಲು ಮರೆತ. ಮಿರಜ ರಸ್ತೆಯಲ್ಲಿ ಸ್ಟೇರಿಂಗು ಬಿಗಿಯಾಯಿತಂತೆ, ಕೆಳಗೆ ಕಟಕಟ ಸಪ್ಪಳ ಬಂತಂತೆ. ಒಂದು ತಿರುವಿನಲ್ಲಿ ಮುಂದಿನ ಎಡಗಾಲಿಯ ಜಾಯಿಂಟು ಒಡೆಯಿತು. ಜೀಪು ರಸ್ತೆ ಬಿಟ್ಟು ಗಿಡಕ್ಕೆ ಬಡಿಯಿತು. ದೇವರ ದಯೆ, ಎದುರಿಗೆ ಯಾರೂ ಇರಲಿಲ್ಲ. ಅವನ ತೊಡೆಯ ಎಲುಬು ಮುರಿದು ಏಳು ತಿಂಗಳು ಮಲಗಿದ. ಆ ವರ್ಷದ ಕಬ್ಬನ್ನು ಅಕ್ಕನೇ ನಿಂತು ಕಡಿಸಿ ಕಾರಖಾನೆಗೆ ಕಳಿಸಿದಳು.

ವಿಮೆಯ ಸರ್ವೇಯರು ಬಂದರು. ಒಳ್ಳೆಯ ಮನುಷ್ಯ, ಚಹಾ ಕುಡಿದರು. ಜೀಪಿನ ಕೆಳಗೆ ಬಗ್ಗಿ ನೋಡಿದರು, ಕಾಗದ ನೋಡಿದರು, ಮತ್ತೆ ಕೆಳಗೆ ನೋಡಿದರು. “ಈ ಮಾಡೆಲ್ ಕಂಪನಿಯಿಂದ ನಾಲ್ಕು ಗಾಲಿಯ ಬಲದ್ದು ಬಂದಿಲ್ಲವಲ್ಲ?” ಎಂದು ಕೇಳಿದರು. ನಾನು ಅಲ್ಲೇ ನಿಂತಿದ್ದೆ. ಕ್ಲೇಮು ನಾಮಂಜೂರಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಆ ಕುರ್ಚಿಯಲ್ಲಿದ್ದರೂ ಅದನ್ನೇ ಬರೆಯುತ್ತಿದ್ದೆ.

ಕಾಯಿದೆ ಏನೆನ್ನುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ಕಂಪನಿ ಮೂಲದಲ್ಲಿ ನಮೂದಿಸಿದ್ದಕ್ಕೆ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಮಾಲಿಕನಿಗೆ ಒಂದೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಎಂದಾಯಿತು. ಇಂಜಿನ್ನು ಬದಲಿಸುವುದು, ಗ್ಯಾಸ್ ಕಿಟ್ ಹಾಕಿಸುವುದು ಮೊದಲಾದ ಕೆಲವಕ್ಕೆ ಆರ್‌ಟಿಓ ಕಚೇರಿಯ ದಾರಿ ಇದೆ. ಮನೆಯಲ್ಲಿ ಆಕ್ಸಲು ಬದಲಿಸಿ ಸುಮ್ಮನಿರುವುದಕ್ಕೆ ದಾರಿ ಇಲ್ಲ.

ನಮ್ಮದೇ ಜಿಲ್ಲೆಯ ದೇವರಾಷ್ಟ್ರೆ ನಿಮಗೆ ಗೊತ್ತು, ಯಶವಂತರಾವ ಚವ್ಹಾಣರು ಹುಟ್ಟಿದ ಊರು. ಅಲ್ಲಿಯ ದತ್ತಾತ್ರೇಯ ಲೋಹಾರ ಎಂಬವರು ಮೋಡ್ಕಾ ಸಾಮಾನಿನಿಂದ, ಸುಮಾರು ಅರವತ್ತು ಸಾವಿರ ರೂಪಾಯಿಯಲ್ಲಿ, ಮಗನಿಗಾಗಿ ಒಂದು ಪುಟ್ಟ ಜೀಪು ಮಾಡಿದರು. ಮೋಟರ್ ಸೈಕಲ್ಲಿನ ಹಾಗೆ ಕಾಲಿನಿಂದ ಒದ್ದು ಚಾಲೂ ಮಾಡುವ ಗಾಡಿ. 2021ರ ಡಿಸೆಂಬರದಲ್ಲಿ ಆನಂದ ಮಹೀಂದ್ರಾ ಅವರು ಅದನ್ನು ಮೆಚ್ಚಿ ದೇಶಕ್ಕೆಲ್ಲ ತೋರಿಸಿದರು. ಮೆಚ್ಚುತ್ತಲೇ, ಇದು ನಿಯಮಕ್ಕೆ ಕೂಡುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ, ಆದ್ದರಿಂದ ಬದಲಿಗೆ ಒಂದು ಬೊಲೆರೊ ಕೊಡುತ್ತೇನೆ ಎಂದರು. 2022ರ ಜನವರಿಯಲ್ಲಿ ಕೊಟ್ಟೂ ಬಿಟ್ಟರು. ಇಡೀ ದೇಶ ಚಪ್ಪಾಳೆ ತಟ್ಟಿದ ಜೀಪಿಗೇ ರಸ್ತೆ ಸಿಗಲಿಲ್ಲ. ನಮ್ಮ ಅಕ್ಕನ ಮಗ ಆ ಸುದ್ದಿ ನೋಡಿ, “ಮಾಮಾ, ನನಗ ಬೊಲೆರೊ ಕೊಡಾವ ಯಾರೂ ಇಲ್ಲ” ಎಂದು ನಕ್ಕ. ಅವನು ಈಗಲೂ ಸ್ವಲ್ಪ ಕುಂಟುತ್ತಾನೆ.

ಇನ್ನೊಂದು ಭ್ರಮೆಯನ್ನೂ ಹೇಳಿಬಿಡಬೇಕು. ನಾಲ್ಕು ಗಾಲಿಯ ಬಲ ಬಂದರೆ ಗಾಡಿ ಎಲ್ಲಿಯೂ ಸಿಗುವುದಿಲ್ಲ ಎಂದು ತಿಳಿಯಬೇಡಿ. ಮುಂದಿನ ಒಂದು ಗಾಲಿ, ಹಿಂದಿನ ಒಂದು ಗಾಲಿ ಗಾಳಿಯಲ್ಲಿ ತಿರುಗತೊಡಗಿದರೆ ಸಾದಾ ಡಿಫರೆನ್ಶಿಯಲ್ ಇರುವ ಜೀಪು ನಿಂತಲ್ಲೇ ನಿಲ್ಲುತ್ತದೆ. ಎರೆಮಣ್ಣಿನಲ್ಲಿ ಹಟ ಹಿಡಿದರೆ ಎರಡು ಗುಂಡಿಯ ಬದಲು ನಾಲ್ಕು ಗುಂಡಿ. ಬ್ರೇಕಿಗೂ ಇದರಿಂದ ಏನೂ ಹೆಚ್ಚಿಗೆ ಬಲವಿಲ್ಲ. ಹರಿಯುವ ನೀರಿಗಂತೂ ಇಳಿಸಲೇಬೇಡಿ. 2019ರಲ್ಲಿ ಸಾಂಗಲಿಯ ಆಯರ್ವಿನ್ ಪುಲಿನ ಹತ್ತಿರ ನೀರು 57 ಅಡಿ ಏರಿತ್ತು. ಅಲ್ಲಿ ಅಪಾಯದ ಮಟ್ಟ 45 ಅಡಿ. ಅಂಥ ಸೆಳವಿಗೆ ಎಂಥ ಜೀಪೂ ಒಂದು ಕಬ್ಬಿನ ಸಿಪ್ಪೆ.

ಆ ಪಾಣಂದ ದಾರಿ ಏನಾಯಿತು ಎಂದು ಕೇಳುತ್ತೀರಿ. ಅವನು ಹಾಸಿಗೆಯಲ್ಲಿದ್ದಾಗ ವಸ್ತಿಯ ಒಂಬತ್ತು ಮನೆಯವರು ಕೂತು ಮಾತಾಡಿದರು. ಎಕರೆಯ ಮೇಲೆ ಪಟ್ಟಿ ಹಾಕಿ ಹಣ ಕೂಡಿಸಿದರು. ಲೆಕ್ಕ ಬರೆದವನು ನಾನು. ದಾರಿಯ ಎರಡೂ ಬದಿಗೆ ಚರಿ ತೋಡಿ ನೀರು ಹೊರಗೆ ಹಾಕಿದರು, ಮೇಲೆ ಮುರುಮ್ ಹಾಕಿ ರೋಲರ್ ಹೊಡೆಸಿದರು. ಬದುವಿನ ಎರಡು ಮೊಳ ಜಾಗದ ಸಲುವಾಗಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರೂ ಸಹಿ ಮಾಡಿದರು. ಅದನ್ನು ಮಾಡಿಸುವುದು ಆಕ್ಸಲು ಕೂಡಿಸುವುದಕ್ಕಿಂತ ಕಠಿಣವಾಗಿತ್ತು, ಆ ಕಥೆ ಇನ್ನೊಮ್ಮೆ. ಈಗ ಆ ದಾರಿಯಲ್ಲಿ ಮಳೆಗಾಲದಲ್ಲೂ ಸಾದಾ ಗಾಡಿ ಬರುತ್ತದೆ. ಮಾಂವನವರನ್ನು ತಪಾಸಣೆಗೆ ಮಿರಜಕ್ಕೆ ಕರೆತರಲು ರಿಕ್ಷಾನೇ ಬಾಗಿಲಿಗೆ ಬರುತ್ತದೆ.

ಇಷ್ಟಾದರೂ ನಿಮಗೆ ನಾಲ್ಕು ಗಾಲಿಯ ಜೀಪೇ ಬೇಕೆಂದರೆ, ಇದ್ದದ್ದನ್ನು ಮಾರಿ, ಕಂಪನಿಯಿಂದಲೇ ಹಾಗೆ ಬಂದ ಹಳೆಯ ಗಾಡಿ ಹುಡುಕಿರಿ. ಸಾಮಾನು, ಮಜೂರಿ, ಎರಡೆರಡು ಸಲ ಬಿಚ್ಚಿ ಕೂಡಿಸಿದ್ದು ಎಲ್ಲ ಸೇರಿಸಿದರೆ ನಮ್ಮ ನಲವತ್ತು ಸಾವಿರ ಕೊನೆಗೆ ಒಂದು ಲಕ್ಷ ಹತ್ತು ಸಾವಿರವಾಗಿತ್ತು. ನೋಡಲು ಹೋಗುವಾಗ ಕಿಸೆಯಲ್ಲಿ ಒಂದು ಖಡು ಇಟ್ಟುಕೊಳ್ಳಿ. ಮೊದಲು ಆರ್‌ಸಿ ಬುಕ್ಕು, ಚಾಸಿ ನಂಬರು ತಾಳೆ ನೋಡಿರಿ. ಆಮೇಲೆ ನೆಲದ ಮೇಲೆ ಉಳಿಯುವ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್ ಮಾಡಿ, ಲಿವರ್ ಎರಡು ಗಾಲಿಗೆ ಇಟ್ಟು, ಹ್ಯಾಂಡ್ ಬ್ರೇಕು ಬಿಡಿರಿ. ಹಳೆಯ ಜೀಪಿನಲ್ಲಿ ಆ ಬ್ರೇಕು ಶಾಫ್ಟನ್ನೇ ಹಿಡಿಯುತ್ತದೆ. ಜಾಕಿನಿಂದ ಹಿಂದಿನ ಒಂದೇ ಗಾಲಿ ಎತ್ತಿರಿ. ಗಾಲಿಗೆ ಒಂದು, ಶಾಫ್ಟಿಗೆ ಒಂದು ಗೆರೆ ಎಳೆಯಿರಿ. ಗಾಲಿಯನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಶಾಫ್ಟು ಎಷ್ಟು ಸುತ್ತಿತೆಂದು ಎಣಿಸಿರಿ. ಐದಕ್ಕೆ ಸ್ವಲ್ಪ ಕಡಿಮೆ ಬಂತೋ, ಐದೂವರೆಗೆ ಸ್ವಲ್ಪ ಕಡಿಮೆ ಬಂತೋ, ಕಾಗದದ ಮೇಲೆ ಬರೆದುಕೊಳ್ಳಿ. ಮುಂದಿನ ಗಾಲಿಗೂ ಹಾಗೆಯೇ ಮಾಡಿರಿ. ಎರಡು ಅಂಕಿ ಕೂಡದಿದ್ದರೆ ಮಾಲಿಕನಿಗೆ ನಮಸ್ಕಾರ ಹೇಳಿ ಮನೆಗೆ ಬನ್ನಿರಿ. ಗಾಡಿಯ ಕೆಳಗೆ ಮಾತ್ರ ಬರೀ ಜಾಕಿನ ಮೇಲೆ ನಂಬಿಕೆಯಿಟ್ಟು ತೂರಬೇಡಿ.